ಮೊಲ ನುಡಿದ ಸಾಕ್ಷಿ

ಎರಡು ಮೊಲ ಸಾಕಣೆ ಕೇಂದ್ರಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲೂ ನೂರಾರು ಮೊಲಗಳಿವೆ. ಎರಡರಲ್ಲೂ ಒಂದೇ ಬಗೆಯ ತಂತಿ ಪಂಜರ, ಒಂದೇ ಬಗೆಯ ಮೇವು. ಮೊದಲನೆಯ ಕೇಂದ್ರದಲ್ಲಿ ಒಂದು ಮೊಲದ ಹಿಂಗಾಲಿನ ಪಾದದಲ್ಲಿ ಗಾಯವಾಗಿ ಕೀವು ತುಂಬುತ್ತದೆ. ಆ ಮೊಲ ಕುಂಟುತ್ತದೆ, ಸೊರಗುತ್ತದೆ. ಪಕ್ಕದ ಪಂಜರದ ಮೊಲಗಳಿಗೆ ಮಾತ್ರ ಏನೂ ಆಗುವುದಿಲ್ಲ. ಎರಡನೆಯ ಕೇಂದ್ರದಲ್ಲೂ ಕಥೆ ಹೀಗೆಯೇ ಆರಂಭವಾಗುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಮರಿ ಹಾಕಿದ ಮೊಲಗಳ ಮೊಲೆ ಬಾತು ಗಟ್ಟಿಯಾಗುತ್ತದೆ. ಹಾಲು ಸಿಗದೆ ಮರಿಗಳು ಸಾಯುತ್ತವೆ. ಉಳಿದ ಮರಿಗಳ ಚರ್ಮದ ಮೇಲೆ ಕೀವುಗುಳ್ಳೆಗಳು ಏಳುತ್ತವೆ. ಔಷಧಿ ಕೊಟ್ಟಾಗ ತಗ್ಗಿದಂತೆ ಕಂಡರೂ ಕೆಲವು ವಾರಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಕೊನೆಗೆ ಯಜಮಾನ ಎಲ್ಲ ಮೊಲಗಳನ್ನೂ ತೆಗೆದುಹಾಕಿ, ಶೆಡ್ಡನ್ನು ತೊಳೆದು, ಹೊಸದಾಗಿ ಆರಂಭಿಸಬೇಕಾಗುತ್ತದೆ.

ಎರಡೂ ಕಡೆಯ ಕೀವನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬರುವ ಉತ್ತರ ಒಂದೇ: ಸ್ಟೆಫೈಲೊಕಾಕಸ್ ಆರಿಯಸ್. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುವ ಬ್ಯಾಕ್ಟೀರಿಯ ಇದು. ಹೆಸರೂ ಒಂದೇ, ರೂಪವೂ ಒಂದೇ. ಹಾಗಿದ್ದ ಮೇಲೆ ಒಂದು ಕಡೆ ಒಂದೇ ಮೊಲಕ್ಕೆ ಹುಣ್ಣು, ಇನ್ನೊಂದು ಕಡೆ ಇಡೀ ಕೇಂದ್ರಕ್ಕೇ ಕಂಟಕ, ಏಕೆ?

ಕೇಂದ್ರಗಳೆರಡು ಕಲ್ಪನೆಯವಾದರೂ ಪ್ರಶ್ನೆ ಕಲ್ಪನೆಯದಲ್ಲ. ಮಾಂಸಕ್ಕಾಗಿ ಮೊಲ ಸಾಕುವುದು ಯೂರೋಪಿನ ಹಲವು ದೇಶಗಳಲ್ಲಿ ದೊಡ್ಡ ಕಸುಬು. ಅಲ್ಲಿನ ಪಶುವೈದ್ಯರು, ಮುಖ್ಯವಾಗಿ ಬೆಲ್ಜಿಯಂ ಮತ್ತು ಸ್ಪೇನ್ ದೇಶದವರು, ಈ ವ್ಯತ್ಯಾಸವನ್ನು ಗಮನಿಸಿ ಮೊಲದ ಸ್ಟೆಫೈಲೊಕಾಕಸ್‌ಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಕಡಿಮೆ ಉಗ್ರತೆಯ ತಳಿಗಳು, ಇನ್ನೊಂದು ಹೆಚ್ಚು ಉಗ್ರತೆಯ ತಳಿಗಳು. ಭತ್ತವೆಂದರೆ ಎಲ್ಲವೂ ಭತ್ತವೇ. ಆದರೂ ರಾಜಮುಡಿ ಬೇರೆ, ಐ.ಆರ್. 64 ಬೇರೆ ಎಂಬುದು ರೈತನಿಗೆ ಗೊತ್ತು. ಬ್ಯಾಕ್ಟೀರಿಯಗಳಲ್ಲೂ ಹಾಗೆಯೇ ಒಂದು ಹೆಸರಿನ ಕೆಳಗೆ ಹಲವು ತಳಿಗಳಿರುತ್ತವೆ.

ಆಯುಧದ ಲೆಕ್ಕ ಸಾಲದು

ಉಗ್ರ ತಳಿ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಉತ್ತರ ಸರಳ. ಅದರ ಬಳಿ ಹೆಚ್ಚು ವಿಷ ಇರಬೇಕು, ಹೆಚ್ಚು ಆಯುಧ ಇರಬೇಕು. ಇದು ಅರ್ಧ ನಿಜ. ಬ್ಯಾಕ್ಟೀರಿಯಗಳು ವಿಷಗಳನ್ನು ತಯಾರಿಸುತ್ತವೆ, ಜೀವಕೋಶಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು ತಯಾರಿಸುತ್ತವೆ, ರಕ್ತದ ಕಾವಲು ಕಣಗಳನ್ನು ತಪ್ಪಿಸಿಕೊಳ್ಳುವ ಉಪಾಯಗಳನ್ನೂ ಬಲ್ಲವು. ಆದರೆ ಆಯುಧ ಇದ್ದರಷ್ಟೇ ಸಾಲದು, ಎದುರಿಗಿರುವವನಿಗೆ ಅದು ತಾಗಬೇಕು.

ಸ್ಟೆಫೈಲೊಕಾಕಸ್‌ನ ಕೆಲವು ತಳಿಗಳು ತಯಾರಿಸುವ ಒಂದು ವಿಷವನ್ನೇ ನೋಡಿ. 1932ರಲ್ಲಿ ಅದನ್ನು ವಿವರಿಸಿದ ಇಬ್ಬರ ಹೆಸರಿನಿಂದ ಅದನ್ನು ಪ್ಯಾಂಟನ್-ವ್ಯಾಲೆಂಟೈನ್ ವಿಷ ಎಂದು ಕರೆಯುತ್ತಾರೆ. ಬಿಳಿ ರಕ್ತಕಣದ ಹೊರಪೊರೆಯಲ್ಲಿ ತೂತು ಕೊರೆದು ಕಣವನ್ನು ಕೊಲ್ಲುವುದು ಇದರ ಕೆಲಸ. ಈ ವಿಷ ಮನುಷ್ಯನ ಬಿಳಿ ಕಣವನ್ನು ಕೊಲ್ಲುತ್ತದೆ, ಮೊಲದ ಬಿಳಿ ಕಣವನ್ನೂ ಕೊಲ್ಲುತ್ತದೆ. ಇಲಿಯ ಕಣಕ್ಕೆ ಮಾತ್ರ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಕಾರಣ ಸರಳ. ವಿಷ ಕಣದ ಮೇಲೆ ಎಲ್ಲೆಂದರಲ್ಲಿ ಕೂರುವುದಿಲ್ಲ. ಅದು ಕೂರಲು ಒಂದು ನಿರ್ದಿಷ್ಟ ಪ್ರೋಟೀನು ಬೇಕು. ವಿಷ ಬೀಗದಕೈಯಾದರೆ ಆ ಪ್ರೋಟೀನು ಬೀಗ. ಮನುಷ್ಯನ ಮತ್ತು ಮೊಲದ ಬೀಗಗಳಿಗೆ ಈ ಕೈ ಹೊಂದುತ್ತದೆ, ಇಲಿಯ ಬೀಗಕ್ಕೆ ಹೊಂದುವುದಿಲ್ಲ.

ಅಂದರೆ ಅದೇ ಬ್ಯಾಕ್ಟೀರಿಯ, ಅದೇ ವಿಷ, ಅದೇ ಪ್ರಮಾಣ. ಪ್ರಾಣಿ ಬದಲಾದರೆ ಫಲ ಬದಲಾಯಿತು. ಹಾಗಾದರೆ ಉಗ್ರತೆ ಎಂಬುದು ಯಾರ ಗುಣ? ರೋಗಾಣುವಿನದೋ, ಪ್ರಾಣಿಯದೋ? ಈ ಪ್ರಶ್ನೆಯನ್ನು ಸರಿಯಾಗಿ ಕೇಳದೆ ಹೋದುದರಿಂದ, ನೂರಿಪ್ಪತ್ತು ವರ್ಷಗಳ ಹಿಂದೆ ಜಗತ್ತಿನ ಅತಿ ದೊಡ್ಡ ರೋಗಾಣು ವಿಜ್ಞಾನಿಯೇ ಮುಗ್ಗರಿಸಿದ್ದುಂಟು. ಅಲ್ಲಿ ಪಣಕ್ಕಿದ್ದುದು ಮಕ್ಕಳ ಪ್ರಾಣ.

ಎರಡು ಕ್ಷಯ, ಒಂದು ಮೊಲ

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಆ ಕಾಲದಲ್ಲಿ ಮನುಷ್ಯನ ಕ್ಷಯಕ್ಕೂ ದನದ ಕ್ಷಯಕ್ಕೂ ಕಾರಣ ಒಂದೇ ಎಂದು ಅವರೂ ನಂಬಿದ್ದರು. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿಗೆ ಮಾತ್ರ ಅನುಮಾನವಿತ್ತು. ರೋಗಿಗಳ ಕಫದಿಂದ ಪಡೆದ ರೋಗಾಣುಗಳನ್ನೂ ದನಗಳಿಂದ ಪಡೆದ ರೋಗಾಣುಗಳನ್ನೂ ಬೇರೆ ಬೇರೆಯಾಗಿ ಬೆಳೆಸಿ, ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರು. 1898ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಎರಡರ ನಡುವೆ ಸ್ಪಷ್ಟ ವ್ಯತ್ಯಾಸಗಳಿದ್ದವು.

ಆ ವ್ಯತ್ಯಾಸವನ್ನು ಢಾಳಾಗಿ ತೋರಿಸಿದ ಪ್ರಾಣಿ ಮೊಲ. ದನದ ರೋಗಾಣುವನ್ನು ಚುಚ್ಚಿದರೆ ಮೊಲಕ್ಕೆ ಮೈತುಂಬ ಕ್ಷಯ ಹರಡಿ ಅದು ಸಾಯುತ್ತಿತ್ತು. ಮನುಷ್ಯನ ರೋಗಾಣುವನ್ನು ಅಷ್ಟೇ ಚುಚ್ಚಿದರೆ ಅಲ್ಲಲ್ಲಿ ಒಂದಿಷ್ಟು ಗಂಟುಗಳು ಕಾಣಿಸಿಕೊಂಡರೂ ಮೊಲ ಸಾಮಾನ್ಯವಾಗಿ ಬದುಕಿ ಉಳಿಯುತ್ತಿತ್ತು. ಗಿನಿ ಹಂದಿಗೆ ಈ ಭೇದವಿಲ್ಲ. ಅದು ಎರಡಕ್ಕೂ ಬಲಿಯಾಗುತ್ತದೆ. ಆದ್ದರಿಂದ ಗಿನಿ ಹಂದಿ ಮತ್ತು ಮೊಲ ಎರಡನ್ನೂ ಒಟ್ಟಿಗೆ ಬಳಸಿದರೆ ರೋಗಾಣು ಯಾವ ಬಗೆಯದೆಂದು ಹೇಳಬಹುದಿತ್ತು. ಎರಡೂ ಸತ್ತರೆ ದನದ ಬಗೆ. ಗಿನಿ ಹಂದಿ ಸತ್ತು ಮೊಲ ಉಳಿದರೆ ಮನುಷ್ಯನ ಬಗೆ. ಮುಂದೆ ಎಷ್ಟೋ ದಶಕಗಳ ಕಾಲ ಪ್ರಯೋಗಾಲಯಗಳಲ್ಲಿ ಮೊಲವೇ ಸಾಕ್ಷಿ ಹೇಳುತ್ತಿತ್ತು.

ಸಾಕ್ಷಿಯೇನೋ ಸರಿಯಾಗಿತ್ತು. ತೀರ್ಪು ತಪ್ಪಾಯಿತು. 1901ರ ಜುಲೈನಲ್ಲಿ ಲಂಡನ್ನಿನಲ್ಲಿ ನಡೆದ ಕ್ಷಯರೋಗ ಸಮ್ಮೇಳನದಲ್ಲಿ ಕಾಕ್ ಮಾತನಾಡಿದರು. ಮನುಷ್ಯನ ಕ್ಷಯಾಣುವನ್ನು ಕೊಟ್ಟರೂ ದನಕರುಗಳಿಗೆ ರೋಗ ಬರಲಿಲ್ಲ ಎಂಬ ತಮ್ಮ ಪ್ರಯೋಗವನ್ನು ವಿವರಿಸಿದರು. ಎರಡು ರೋಗಾಣುಗಳೂ ಬೇರೆ ಬೇರೆ ಎಂದರು. ಅಲ್ಲಿಯವರೆಗೆ ಸರಿ. ಮುಂದುವರಿದು, ದನದ ಕ್ಷಯ ಮನುಷ್ಯನಿಗೆ ತಗಲುವುದು ಬಹಳ ಅಪರೂಪ, ಹಾಲು ಮಾಂಸಗಳ ಬಗ್ಗೆ ವಿಶೇಷ ಕ್ರಮಗಳ ಅಗತ್ಯವಿಲ್ಲ ಎಂಬರ್ಥದ ಮಾತನ್ನೂ ಆಡಿದರು.

ಮಾತನಾಡಿದವರು ಸಾಮಾನ್ಯರಲ್ಲ. ಸಭೆಯಲ್ಲಿದ್ದ ಜೋಸೆಫ್ ಲಿಸ್ಟರ್ ಮೊದಲಾದವರು ಇದನ್ನು ಒಪ್ಪಲಿಲ್ಲ. ಬ್ರಿಟಿಷ್ ಸರಕಾರ ಅದೇ ವರ್ಷ ಒಂದು ರಾಯಲ್ ಆಯೋಗವನ್ನು ನೇಮಿಸಿತು. ಆಯೋಗ ಹತ್ತು ವರ್ಷ ಕೆಲಸ ಮಾಡಿತು. ಕ್ಷಯದಿಂದ ನರಳಿದ ಮನುಷ್ಯರ ದೇಹದಿಂದ ರೋಗಾಣುಗಳನ್ನು ಬೇರ್ಪಡಿಸಿ, ಮೊಲವೂ ಸೇರಿದಂತೆ ಹಲವು ಪ್ರಾಣಿಗಳಲ್ಲಿ ಪರೀಕ್ಷಿಸಿತು. 1911ರ ಅಂತಿಮ ವರದಿ ಕಾಕ್ ಅವರ ಮಾತನ್ನು ತಳ್ಳಿಹಾಕಿತು. ಮನುಷ್ಯನಿಗೆ, ಅದರಲ್ಲೂ ಮಕ್ಕಳಿಗೆ, ದನದ ಕ್ಷಯ ತಗಲುತ್ತದೆ. ಕುತ್ತಿಗೆಯ ಗ್ರಂಥಿಗಳಲ್ಲಿ, ಹೊಟ್ಟೆಯಲ್ಲಿ ಕ್ಷಯವಾದ ಮಕ್ಕಳಲ್ಲಿ ದನದ ಬಗೆಯ ರೋಗಾಣು ಮತ್ತೆ ಮತ್ತೆ ಸಿಕ್ಕಿತು. ಅದು ಬಂದ ದಾರಿ ಹಸಿ ಹಾಲು. ವರದಿ ಬರುವ ಹಿಂದಿನ ವರ್ಷವೇ, 1910ರಲ್ಲಿ, ಕಾಕ್ ತೀರಿಕೊಂಡಿದ್ದರು.

ಎಡವಿದ್ದು ಎಲ್ಲಿ? ರೋಗಾಣುಗಳು ಬೇರೆ ಬೇರೆ ಎಂಬುದು ನಿಜ. ಮನುಷ್ಯನ ಬಗೆ ದನಕ್ಕೆ ಹೊಂದದು ಎಂಬುದೂ ನಿಜ. ಹಾಗೆಂದು ದನದ ಬಗೆ ಮನುಷ್ಯನಿಗೆ ಹೊಂದದು ಎನ್ನಲಾಗದು. ಈ ದಾರಿ ಎರಡೂ ಕಡೆಗೆ ಒಂದೇ ಅಳತೆಯದಲ್ಲ. ಪ್ರತಿ ರೋಗಾಣುವಿಗೂ ಪ್ರತಿ ಪ್ರಾಣಿಗೂ ನಡುವಿನ ಲೆಕ್ಕವನ್ನು ಬೇರೆ ಬೇರೆಯಾಗಿಯೇ ಹಾಕಬೇಕು.

ಕಳೆದುಕೊಂಡೂ ಬಲಶಾಲಿ

ಮೊಲಕ್ಕೆ ಮಾರಕವಾದ ದನದ ಕ್ಷಯಾಣುವಿನಲ್ಲಿ ಅಂಥದ್ದೇನಿದೆ? ಮನುಷ್ಯನ ಕ್ಷಯಾಣುವಿನ ಡಿ.ಎನ್.ಎ. ಬರಹವನ್ನು ವಿಜ್ಞಾನಿಗಳು 1998ರಲ್ಲಿ ಪೂರ್ತಿ ಓದಿ ಮುಗಿಸಿದರು. ಅದರಲ್ಲಿ ಸುಮಾರು 44 ಲಕ್ಷ ಅಕ್ಷರಗಳಿದ್ದವು. 2003ರಲ್ಲಿ ದನದ ಕ್ಷಯಾಣುವಿನ ಬರಹವೂ ಸಿಕ್ಕಿತು. ಎರಡನ್ನೂ ಹೋಲಿಸಿದರೆ ಶೇಕಡಾ 99.95ಕ್ಕೂ ಹೆಚ್ಚು ಭಾಗ ಒಂದೇ. ಇನ್ನೂ ಅಚ್ಚರಿಯೆಂದರೆ ದನದ ಕ್ಷಯಾಣುವಿನ ಬರಹವೇ ತುಸು ಚಿಕ್ಕದು. ಅದು ಹೊಸ ಆಯುಧಗಳನ್ನು ಗಳಿಸಿಕೊಂಡಿಲ್ಲ, ಇದ್ದ ಕೆಲವು ವಂಶವಾಹಿಗಳನ್ನು ಕಳೆದುಕೊಂಡಿದೆ. ಆದರೂ ಮೊಲದ ಮಟ್ಟಿಗೆ ಅದೇ ಭಯಂಕರ. ಉಸಿರಿನೊಂದಿಗೆ ಒಳಹೋದ ಬೆರಳೆಣಿಕೆಯ ದನದ ಕ್ಷಯಾಣುಗಳಿಂದ ಮೊಲದ ಶ್ವಾಸಕೋಶದಲ್ಲಿ ಕ್ಷಯದ ಗಂಟು ಬೆಳೆಯುತ್ತದೆ. ಅದೇ ಗಂಟಿಗೆ ಮನುಷ್ಯನ ಬಗೆಯವು ನೂರಾರು ಬೇಕು.

ಕಳೆದುಕೊಂಡರೆ ಯಾವಾಗಲೂ ಬಲ ಹೆಚ್ಚುತ್ತದೆ ಎಂದೂ ಅಲ್ಲ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು ದನದ ಕ್ಷಯಾಣುವನ್ನೇ ಹಿಡಿದು, 1908ರಿಂದ 1921ರವರೆಗೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ 230 ಬಾರಿ ವರ್ಗಾಯಿಸುತ್ತಾ ಬೆಳೆಸಿದರು. ಈ ದಾರಿಯಲ್ಲಿ ಅದು ಒಂದು ಮುಖ್ಯ ವಂಶವಾಹಿ ತುಂಡನ್ನು ಕಳೆದುಕೊಂಡು ಸಾಧುವಾಯಿತು. ಮೊಲಕ್ಕೂ ಅದರಿಂದ ಅಪಾಯವಿಲ್ಲ, ಮಗುವಿಗೂ ಇಲ್ಲ. ಅದೇ ಬಿ.ಸಿ.ಜಿ. ನಮ್ಮಲ್ಲಿ ಹುಟ್ಟಿದ ಮಗುವಿನ ಎಡತೋಳಿಗೆ ಹಾಕುವ ಲಸಿಕೆ, ಮೊಲಕ್ಕೆ ಮಾರಕವಾಗಿದ್ದ ಆ ದನದ ಕ್ಷಯಾಣುವಿನ ಪಳಗಿದ ಸಂತತಿ. ಯಾವುದು ಕಳೆಯಿತು ಎಂಬುದರ ಮೇಲೆ ಫಲ ನಿಂತಿದೆ.

ಗದ್ದಲ ಮಾಡುವವನೂ ಸದ್ದಿಲ್ಲದವನೂ

ಮನುಷ್ಯನ ಕ್ಷಯಾಣುಗಳಲ್ಲೂ ಎಲ್ಲವೂ ಮೊಲಕ್ಕೆ ಸೌಮ್ಯವಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಎರಡು ತಳಿಗಳು ಸುದ್ದಿ ಮಾಡಿದವು. ಸಿ.ಡಿ.ಸಿ. 1551 ಎಂಬ ತಳಿ ಕೆಂಟಕಿ ಮತ್ತು ಟೆನೆಸಿ ರಾಜ್ಯಗಳ ಗಡಿಯಲ್ಲಿ ಬಹಳ ಜನರಿಗೆ ತಗಲಿತು. ಚರ್ಮ ಪರೀಕ್ಷೆಯಲ್ಲಿ ದೊಡ್ಡ ದೊಡ್ಡ ಕೆಂಪು ಗುರುತುಗಳು ಎದ್ದವು. ಇದು ಅತ್ಯುಗ್ರ ತಳಿಯೇ ಇರಬೇಕೆಂದು ಎಲ್ಲರೂ ಭಾವಿಸಿದರು. ಟೆಕ್ಸಾಸ್ ರಾಜ್ಯದಿಂದ ಬಂದ ಇನ್ನೊಂದು ತಳಿಯ ಹೆಸರು ಎಚ್.ಎನ್. 878.

ಎರಡನ್ನೂ ಮೊಲಗಳಲ್ಲಿ ಪರೀಕ್ಷಿಸಿದಾಗ ಲೆಕ್ಕ ತಲೆಕೆಳಗಾಯಿತು. ಗದ್ದಲ ಎಬ್ಬಿಸಿದ್ದ ಸಿ.ಡಿ.ಸಿ. 1551 ತಳಿಯನ್ನು ಮೊಲಗಳು ಹತೋಟಿಗೆ ತಂದುಕೊಂಡವು. ಎಚ್.ಎನ್. 878 ಮಾತ್ರ ಶ್ವಾಸಕೋಶದಲ್ಲಿ ಕುಳಿಗಳನ್ನೇ ಕೊರೆಯಿತು. ಮಿದುಳಿನ ಪೊರೆಗೆ ಸೋಂಕು ತಗಲಿಸಿದಾಗಲೂ ಅದರದೇ ಮೇಲುಗೈ. ಮೊದಲನೆಯದು ದೇಹದ ಕಾವಲು ಪಡೆಯನ್ನು ಬೇಗನೆ, ಜೋರಾಗಿ ಎಬ್ಬಿಸುತ್ತದೆ. ಆದ್ದರಿಂದಲೇ ಸಿಕ್ಕಿಬೀಳುತ್ತದೆ. ಎರಡನೆಯದು ಕಾವಲುಗಾರನನ್ನು ಮಲಗಿಸಿಟ್ಟು ಒಳನುಗ್ಗುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಮಲಗಿಸುವ ಮದ್ದು ಯಾವುದು? 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಎಚ್.ಎನ್. 878 ತಳಿಯ ಹೊರಕವಚದಲ್ಲಿರುವ, ಸಕ್ಕರೆಯಂಶವನ್ನು ಹೊತ್ತ ಒಂದು ಬಗೆಯ ಕೊಬ್ಬಿನತ್ತ ಬೆರಳು ಮಾಡಿತು. ಪ್ರಯೋಗಾಲಯಗಳಲ್ಲಿ ಎಲ್ಲೆಡೆ ಬಳಸುವ ತಳಿಯಲ್ಲಿ ಈ ಕೊಬ್ಬನ್ನು ತಯಾರಿಸುವ ವಂಶವಾಹಿಯ ಏಳು ಅಕ್ಷರಗಳು ಬಿಟ್ಟುಹೋಗಿ ಅದು ಕೆಟ್ಟಿದೆ. ಎಚ್.ಎನ್. 878 ತಳಿಯಲ್ಲಿ ಅದು ಸರಿಯಾಗಿದೆ. ದನದ ಕ್ಷಯಾಣುವೂ ಇಂಥ ಕೊಬ್ಬನ್ನು ತಯಾರಿಸಬಲ್ಲುದು. ಆದರೆ ಕೊಬ್ಬು ತಯಾರಿಸುವ ಶಕ್ತಿಯನ್ನು ಪ್ರಯೋಗಾಲಯದ ತಳಿಗೆ ಮರಳಿ ಕೊಟ್ಟಾಗ ಅದೇನೂ ಎಚ್.ಎನ್. 878ರಷ್ಟು ಉಗ್ರವಾಗಲಿಲ್ಲ. ಕೊಬ್ಬು ಒಂದು ಕಾರಣ ಹೌದು, ಅದೊಂದೇ ಕಾರಣವಲ್ಲ.

ಮೊಲದ ಕಡೆಯಿಂದಲೂ ಈ ಲೆಕ್ಕವನ್ನು ನೋಡಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮ್ಯಾಕ್ಸ್ ಲೂರಿ ಎಂಬ ವಿಜ್ಞಾನಿ ಹಲವು ದಶಕಗಳ ಕಾಲ ಮೊಲದ ವಂಶಗಳನ್ನು ಬೇರೆ ಬೇರೆಯಾಗಿ ಬೆಳೆಸಿದರು. ಕೆಲವು ವಂಶದ ಮೊಲಗಳು ಕ್ಷಯವನ್ನು ತಡೆದುಕೊಂಡವು, ಕೆಲವು ವಂಶದವು ಬೇಗ ಸೋತವು. ರೋಗಾಣು ಒಂದೇ ಆಗಿದ್ದರೂ ಒಂದು ವಂಶದಲ್ಲಿ ಉಗ್ರ, ಇನ್ನೊಂದರಲ್ಲಿ ಸೌಮ್ಯ.

ನಮ್ಮ ನೆರೆಯ ಮದರಾಸಿನಿಂದಲೂ ಇದಕ್ಕೊಂದು ಪುರಾವೆ ದೊರೆಯಿತು. 1960ರ ಸುಮಾರಿಗೆ ಅಲ್ಲಿನ ಕ್ಷಯರೋಗಿಗಳಿಂದ ಪಡೆದ ರೋಗಾಣುಗಳನ್ನು ಗಿನಿ ಹಂದಿಗಳಿಗೆ ಚುಚ್ಚಿ ನೋಡಿದಾಗ, ಅವು ಬ್ರಿಟನ್ನಿನ ರೋಗಿಗಳಿಂದ ಪಡೆದವುಗಳಿಗಿಂತ ಸರಾಸರಿಯಲ್ಲಿ ಸೌಮ್ಯವಾಗಿ ಕಂಡವು. ಆದರೆ ಅವು ಬಂದದ್ದು ಕೆಮ್ಮಿ ಕೆಮ್ಮಿ ಬಳಲಿದ ಮನುಷ್ಯರ ಶ್ವಾಸಕೋಶಗಳಿಂದಲೇ. ಗಿನಿ ಹಂದಿಯ ಸೌಮ್ಯ ಆ ರೋಗಿಗೆ ಸೌಮ್ಯವಾಗಿರಲಿಲ್ಲ.

ಹಾಲು ಹಾವಾಗಲು ಒಂದಕ್ಷರ ಸಾಕು

ಕ್ಷಯವನ್ನು ಬಿಟ್ಟು ಈಗ ಸ್ಟೆಫೈಲೊಕಾಕಸ್‌ಗೆ ಬರೋಣ. ಮೊಲದ ಕೇಂದ್ರಗಳನ್ನೇ ಖಾಲಿ ಮಾಡಿಸುವ ಉಗ್ರ ತಳಿ ಬಂದದ್ದೆಲ್ಲಿಂದ? 2015ರಲ್ಲಿ ಸ್ಪೇನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಇದಕ್ಕೆ ಉತ್ತರ ಕೊಟ್ಟರು. ಜಗತ್ತಿನ ಮೊಲಗಳಲ್ಲಿ ಅತಿ ವ್ಯಾಪಕವಾಗಿರುವ ಎಸ್.ಟಿ. 121 ಎಂಬ ತಳಿಯ ವಂಶವೃಕ್ಷವನ್ನು ಅವರು ಬಿಡಿಸಿದರು. ಅದರ ಬೇರು ಹೋಗಿ ನಿಂತದ್ದು ಮನುಷ್ಯನಲ್ಲಿ! ಆ ವೇಳೆಗೆ ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮನುಷ್ಯನ ತಳಿಯೊಂದು ಮೊಲಕ್ಕೆ ದಾಟಿಕೊಂಡಿರಬೇಕೆಂಬುದು ಅವರ ತೀರ್ಮಾನ.

ದಾಟಲು ಎಷ್ಟು ಬದಲಾವಣೆ ಬೇಕಾಯಿತು? ಈ ಬ್ಯಾಕ್ಟೀರಿಯದ ಡಿ.ಎನ್.ಎ. ಬರಹದಲ್ಲಿ ಸುಮಾರು 28 ಲಕ್ಷ ಅಕ್ಷರಗಳಿವೆ. ಅವುಗಳಲ್ಲಿ ಬದಲಾಗಬೇಕಾದದ್ದು ಒಂದೇ ಒಂದು. ಮನುಷ್ಯನ ತಳಿಯಲ್ಲಿ ಆ ಒಂದು ಅಕ್ಷರವನ್ನು ತಿದ್ದಿದಾಗ ಅದು ಮೊಲಕ್ಕೆ ರೋಗ ತರಲು ಸಮರ್ಥವಾಯಿತು. ಕನ್ನಡದಲ್ಲಿ 'ಹಾಲು' ಎಂದು ಬರೆಯುವಾಗ ಒಂದಕ್ಷರ ತಪ್ಪಿದರೆ 'ಹಾವು' ಆಗುವುದಿಲ್ಲವೇ, ಹಾಗೆ.

ಆ ಅಕ್ಷರ ಇರುವುದು ವಿಷದ ವಂಶವಾಹಿಯಲ್ಲಲ್ಲ ಎಂಬುದನ್ನು ಗಮನಿಸಿ. ಬ್ಯಾಕ್ಟೀರಿಯದ ಹೊರಗೋಡೆಯ ಒಂದು ಘಟಕಕ್ಕೆ ಅಲನೀನ್ ಎಂಬ ಅಮೈನೊ ಆಮ್ಲವನ್ನು ಜೋಡಿಸುವ ಕೆಲಸಕ್ಕೆ ಸಂಬಂಧಿಸಿದ ವಂಶವಾಹಿ ಅದು. ಗೋಡೆಗೆ ಗಾರೆ ಹಚ್ಚುವ ಕೆಲಸದಂಥದ್ದು ಎನ್ನಿ. ಬೇರೆ ಮೂಲದ ಮೊಲದ ತಳಿಗಳಲ್ಲೂ ಅದೇ ವಂಶವಾಹಿಯಲ್ಲಿ ಇಂಥ ಬದಲಾವಣೆಗಳು ಕಂಡುಬಂದವು. ಅಂದರೆ ಮನುಷ್ಯನಿಂದ ಮೊಲಕ್ಕೆ ದಾಟುವ ಈ ಬಾಗಿಲು ಒಂದಕ್ಕಿಂತ ಹೆಚ್ಚು ಬಾರಿ ತೆರೆದಿದೆ.

ಮೊಲ ಸಾಕುವವರಿಗೆ ಇದರಲ್ಲೊಂದು ಪಾಠವಿದೆ. ಸುಮಾರು ಮೂರರಲ್ಲೊಬ್ಬ ಆರೋಗ್ಯವಂತನ ಮೂಗಿನಲ್ಲೂ ಸ್ಟೆಫೈಲೊಕಾಕಸ್ ಇರುತ್ತದೆ. ಆದ್ದರಿಂದ ಮೊಲವನ್ನು ಮುಟ್ಟುವ ಮೊದಲೂ ಮುಟ್ಟಿದ ನಂತರವೂ ಕೈ ತೊಳೆಯಬೇಕು. ಹೊರಗಿನಿಂದ ತಂದ ಮೊಲವನ್ನು ಕೆಲವು ವಾರ ಬೇರೆಯಾಗಿಟ್ಟು ನೋಡಿ, ಆಮೇಲೆ ಇತರ ಮೊಲಗಳೊಂದಿಗೆ ಸೇರಿಸಬೇಕು. ಉಗ್ರ ತಳಿಗೂ ಒಳಹೋಗಲು ಗಾಯದ ದಾರಿ ಸುಲಭ. ಚೂಪಾದ ತಂತಿ, ಒದ್ದೆಯಾದ ನೆಲ ಪಾದಕ್ಕೆ ಗಾಯ ಮಾಡುತ್ತವೆ. ತಂತಿಯ ಮೇಲೆ ಮೊಲ ಕೂರಲು ಒಂದು ನಯವಾದ ಹಲಗೆ ಇಟ್ಟರೂ ಎಷ್ಟೋ ಉಪಕಾರ. ಒಂದೇ ಮೊಲಕ್ಕೆ ಕೀವಾದರೆ ಅದನ್ನು ಬೇರ್ಪಡಿಸಿ. ಹಲವಕ್ಕೆ ಒಟ್ಟಿಗೆ ಕಾಣಿಸಿದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಸ್ವಂತ ವೈದ್ಯ ಬೇಡ. ಪೆನಿಸಿಲಿನ್ ವರ್ಗದ ಔಷಧಿಯನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಉಪಕಾರಿ ಬ್ಯಾಕ್ಟೀರಿಯಗಳು ನಾಶವಾಗಿ, ಮೊಲ ರೋಗದಿಂದಲ್ಲ, ಔಷಧಿಯಿಂದಲೇ ಸಾಯಬಹುದು.

ಮೊಲ ಸಾಕದವರಿಗೂ ಒಂದು ಪಾಠವಿದೆ. ದನದ ಕ್ಷಯ ನಮ್ಮ ದೇಶದ ದನಗಳಲ್ಲಿ ಇಂದಿಗೂ ಇದೆ. ಹಾಲು ಕಾಯಿಸಿ ಕುಡಿಯುವ ನಮ್ಮ ಮನೆಗಳ ರೂಢಿ ಅದಕ್ಕೆ ದೊಡ್ಡ ತಡೆ. ಆದರೂ ಆಗಷ್ಟೇ ಕರೆದ ನೊರೆಹಾಲು ಮಕ್ಕಳಿಗೆ ಪುಷ್ಟಿ ಎಂಬ ನಂಬಿಕೆ ಹಳ್ಳಿಗಳಲ್ಲಿ ಪೂರ್ತಿ ಅಳಿದಿಲ್ಲ. ಕೆಚ್ಚಲಿನ ಬಿಸಿ ಕ್ಷಯಾಣುವನ್ನು ಕೊಲ್ಲುವುದಿಲ್ಲ, ಒಲೆಯ ಬಿಸಿ ಕೊಲ್ಲುತ್ತದೆ. ಹಸು ನೋಡಲು ದಷ್ಟಪುಷ್ಟವಾಗಿದೆ ಎಂಬ ಧೈರ್ಯ ಬೇಡ. ಹಸು ತಡೆದುಕೊಂಡಿರುವ ರೋಗಾಣುವನ್ನು ಎಳೆಯ ಮಗುವೂ ತಡೆದುಕೊಳ್ಳುತ್ತದೆ ಎನ್ನಲಾಗದು. ಕುತ್ತಿಗೆಯ ಗಂಟಿನಿಂದ ನರಳಿದ ಆ ಕಾಲದ ಮಕ್ಕಳು ಕಲಿಸಿಕೊಟ್ಟದ್ದು ಇದನ್ನೇ.

ಒಂದು ರೋಗಾಣುವನ್ನು ಉಗ್ರ ಎಂದು ಯಾರಾದರೂ ಹೇಳಿದರೆ, 'ಯಾರಿಗೆ?' ಎಂದು ಕೇಳಿ. ಸೌಮ್ಯ ಎಂದು ಹೇಳಿದರಂತೂ ತಪ್ಪದೆ ಕೇಳಿ.